ತೋಟ ನೋಡಿ ಮಿಷನ್ ಕೊಳ್ಳಿ



ಮುಂಗಾರಿನಲ್ಲಿ ನಾಲ್ಕು ಹದ ಮಳೆ ಬಿದ್ದರೆ ಸಾಕು, ಅರಸೀಕೆರೆ ಸೀಮೆಯ ತೆಂಗಿನ ತೋಟಗಳಲ್ಲಿ ಹುಲ್ಲು ಮೊಣಕಾಲು ಮುಟ್ಟುತ್ತದೆ. ಬಾಣಾವರ, ಜಾವಗಲ್, ಕಣಕಟ್ಟೆ, ಗಂಡಸಿ, ಯಾವ ಹೋಬಳಿಗೆ ಹೋದರೂ ಇದೇ ನೋಟ. ಆಗ ಹೋಟೆಲಿನಲ್ಲಿ, ಕೊಬ್ಬರಿ ಮಂಡಿಯಲ್ಲಿ, ಸಂತೆಯಲ್ಲಿ ಒಂದು ಪ್ರಶ್ನೆ ಕೇಳಿಬರುತ್ತದೆ: "ಹುಲ್ಲು ಹೊಡೆಯೋ ಮಿಷನ್ ತಗೋಬೇಕು ಅಂತಿದೀನಿ, ಎಷ್ಟು ಸಿಸಿದು ತಗೊಳ್ಳಲಿ?" ಪೆಟ್ರೋಲಿನಿಂದ ಓಡುವ, ಹೆಗಲಿಗೆ ತೂಗುಹಾಕಿಕೊಂಡು ಬೀಸುವ ಈ ಯಂತ್ರಕ್ಕೆ ಅಂಗಡಿಯವರು ಬ್ರಷ್ ಕಟರ್ ಎನ್ನುತ್ತಾರೆ, ಇಲಾಖೆಯ ಕಾಗದದಲ್ಲಿ ಕಳೆ ಕತ್ತರಿಸುವ ಯಂತ್ರ ಎಂದು ಬರೆದಿರುತ್ತದೆ. ಇದನ್ನು ಹೇಗೆ ಆರಿಸಬೇಕು ಎಂಬುದೇ ಇವತ್ತಿನ ಮಾತು.

ಸಿಸಿ ಎಷ್ಟು ಎಂಬ ಪ್ರಶ್ನೆ ತಪ್ಪಲ್ಲ. ಆದರೆ ಅದು ಮೂರನೆಯದೋ ನಾಲ್ಕನೆಯದೋ ಆಗಬೇಕಾದ ಪ್ರಶ್ನೆ. ಮೊದಲು ಕೇಳಿಕೊಳ್ಳಬೇಕಾದದ್ದು: ಈ ಹುಲ್ಲನ್ನು ನಾನು ಏನು ಮಾಡಬೇಕೆಂದಿದ್ದೇನೆ? ಎರಡನೆಯದು: ನನ್ನ ನೆಲ ಎಂಥದು? ಈ ಎರಡಕ್ಕೆ ಉತ್ತರ ಸಿಕ್ಕಿದರೆ ಮಿಷನ್ನಿನ ಆಯ್ಕೆ ತಾನಾಗಿಯೇ ಸಲೀಸಾಗುತ್ತದೆ.

ಮೊದಲ ಪ್ರಶ್ನೆಯನ್ನು ನೋಡೋಣ. ನಮ್ಮದು ಮಳೆ ಕಡಿಮೆಯ ತಾಲ್ಲೂಕು. ನಮ್ಮದೇ ಜಿಲ್ಲೆಯ ಸಕಲೇಶಪುರದಲ್ಲಿ ಸುರಿಯುವ ಮಳೆಯ ಸಣ್ಣ ಪಾಲು ಮಾತ್ರ ನಮಗೆ ದಕ್ಕುತ್ತದೆ. ಕಳೆದ ದಶಕದ ಬರದ ವರ್ಷಗಳಲ್ಲಿ ಇಲ್ಲಿಯೂ ಪಕ್ಕದ ತಿಪಟೂರಿನಲ್ಲಿಯೂ ಫಲ ಕೊಡುತ್ತಿದ್ದ ಮರಗಳು ಸುಳಿ ಸಮೇತ ಒಣಗಿದ್ದನ್ನು ಕಂಡವರಿಗೆ ಮಣ್ಣಿನ ತೇವದ ಬೆಲೆ ಗೊತ್ತು. ಇಂಥ ಕಡೆ ತೋಟವನ್ನು ವರ್ಷಕ್ಕೆ ಮೂರು ನಾಲ್ಕು ಸಲ ಉಳುಮೆ ಮಾಡಿ, ಒಂದು ಎಸಳು ಹುಲ್ಲೂ ಇಲ್ಲದ ಹಾಗೆ ಅಂಗಳದಂತೆ ಇಟ್ಟುಕೊಳ್ಳುವುದನ್ನು ಒಳ್ಳೆಯ ಬೇಸಾಯ ಎಂದು ಬಹಳ ಕಾಲ ನಂಬಿದ್ದೆವು. ಆದರೆ ಬಿಸಿಲಿಗೆ ಬತ್ತಲಾದ ಕೆಂಪು ಮಣ್ಣು ಬೇಗ ಒಣಗುತ್ತದೆ, ಜೋರು ಮಳೆ ಬಂದರೆ ಮೇಲ್ಮಣ್ಣು ಹಳ್ಳ ಸೇರುತ್ತದೆ. ಜೊತೆಗೆ ಇನ್ನೊಂದು ನಷ್ಟವಿದೆ. ತೆಂಗಿಗೆ ತಾಯಿಬೇರು ಇಲ್ಲ. ಬುಡದಿಂದ ಹೊರಡುವ ಸಾವಿರಾರು ಬೇರುಗಳು ಮರದ ಸುತ್ತ ಹರಡಿಕೊಂಡು, ಬಹುಪಾಲು ಮೇಲಿನ ಮೂರು ನಾಲ್ಕು ಅಡಿ ಮಣ್ಣಿನಲ್ಲೇ ಇರುತ್ತವೆ. ರೋಟವೇಟರ್ ಬುಡದ ಹತ್ತಿರ ಹಾದುಹೋದಾಗಲೆಲ್ಲ ಮರ ನೀರು ಕುಡಿಯುವ ಬೇರುಗಳನ್ನೇ ಕಳೆದುಕೊಳ್ಳುತ್ತದೆ.

ಕಳೆನಾಶಕದ ದಾರಿಯೂ ಹಾಗೆಯೇ. ಗ್ಲೈಫೋಸೇಟ್ ಹೊಡೆದರೆ ಹತ್ತು ದಿನದಲ್ಲಿ ತೋಟ ಕಂದು ಬಣ್ಣಕ್ಕೆ ತಿರುಗುತ್ತದೆ, ಕೂಲಿ ಉಳಿಯಿತು ಅನ್ನಿಸುತ್ತದೆ. ಆದರೆ ಮನುಷ್ಯರಿಗೂ ಪ್ರಾಣಿಗಳಿಗೂ ಆಗಬಹುದಾದ ಅಪಾಯದ ಕಾರಣ ಕೊಟ್ಟು ಕೇಂದ್ರ ಸರ್ಕಾರವೇ 2022ರ ಅಕ್ಟೋಬರ್‌ನಲ್ಲಿ ಅದರ ಬಳಕೆಯನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರಿಗೆ ಮಾತ್ರ ಸೀಮಿತಗೊಳಿಸಿತು. ದನಕರು ಮೇಯುವ, ಮಕ್ಕಳು ಓಡಾಡುವ ತೋಟಕ್ಕೆ ಅದು ಬೇಡ.

ಹುಲ್ಲು ಹೊಡೆಯುವ ಮಿಷನ್ನಿನ ನಿಜವಾದ ಉಪಯೋಗ ಇಲ್ಲಿದೆ. ಅದು ಬೇರನ್ನು ಮುಟ್ಟುವುದಿಲ್ಲ. ನೆಲದಿಂದ ಮೂರು ನಾಲ್ಕು ಬೆರಳು ಎತ್ತರದಲ್ಲಿ ಕೊಚ್ಚುತ್ತದೆ, ಕೊಚ್ಚಿದ್ದು ಅಲ್ಲೇ ಬಿದ್ದು ಮುಚ್ಚಿಗೆಯಾಗುತ್ತದೆ. ಹುಲ್ಲಿನ ಬೇರು ಮಣ್ಣನ್ನು ಹಿಡಿದುಕೊಳ್ಳುತ್ತದೆ, ಸೊಪ್ಪು ಕೊಳೆತು ಗೊಬ್ಬರವಾಗುತ್ತದೆ. ಹುಲ್ಲು ತಾನೂ ನೀರು ಕುಡಿಯುತ್ತದಲ್ಲ ಎಂದು ನೀವು ಕೇಳಬಹುದು. ನಿಜ, ಕುಡಿಯುತ್ತದೆ. ಅದಕ್ಕೇ ಹೊತ್ತು ಮುಖ್ಯ. ಆರಿದ್ರೆ, ಪುನರ್ವಸು ಮಳೆಯ ಹೊತ್ತಿಗೆ ಒಂದು ಸಲ, ಹುಲ್ಲು ಹೂ ಕಟ್ಟುವ ಮೊದಲು ಇನ್ನೊಂದು ಸಲ, ಹಿಂಗಾರಿನ ಚಿತ್ತೆ, ಸ್ವಾತಿಯ ಹೊತ್ತಿಗೆ ಕೊನೆಯ ಸಲ. ಈ ಕೊನೆಯ ಕೊಚ್ಚು ಎಲ್ಲಕ್ಕಿಂತ ಮುಖ್ಯ. ನೆಲದಲ್ಲಿ ತೇವ ಇರುವಾಗಲೇ ಮೇಲಿನ ಹಸಿರು ಉರುಳಿಸಿ ಹಾಸಿಬಿಟ್ಟರೆ ಬೇಸಿಗೆಗೆ ಮಣ್ಣಿಗೆ ಹೊದಿಕೆ ಸಿಕ್ಕಂತೆ. ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ ಇರುವ ತೋಟದಲ್ಲಿ ಹೂವಿಗೆ ಮುಂಚೆಯೇ ಕೊಚ್ಚುವುದು ಕಡ್ಡಾಯ. ಒಂದೊಂದು ಗಿಡ ಸಾವಿರಗಟ್ಟಲೆ ಬೀಜ ಉದುರಿಸುತ್ತದೆ. ಬೀಜ ಕಟ್ಟಿದ ಮೇಲೆ ಮಿಷನ್ ಹೊಡೆದರೆ ನಾವೇ ಬಿತ್ತನೆ ಮಾಡಿದಂತೆ.

ಈಗ ಒಂದು ಸಣ್ಣ ಲೆಕ್ಕ. ಮೂವತ್ತು ಅಡಿಗೆ ಮೂವತ್ತು ಅಡಿ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು 48 ತೆಂಗಿನ ಮರ. ಮರದ ಸುತ್ತ 1.8 ಮೀಟರ್, ಅಂದರೆ ಆರು ಅಡಿ ತ್ರಿಜ್ಯದ ಪಾತಿ ಇರಲಿ, ಗೊಬ್ಬರ ಅಲ್ಲೇ ಕೊಡಿ ಎನ್ನುವುದು ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯ ಶಿಫಾರಸು. 1916ರಲ್ಲಿ ತೆಂಗಿನ ಸಂಶೋಧನೆಗೆಂದೇ ಹುಟ್ಟಿದ ಕೇಂದ್ರ ಅದು. ಆ ಪ್ರಕಾರ ಒಂದು ಪಾತಿ 113 ಚದರ ಅಡಿ. 48 ಪಾತಿ ಸೇರಿದರೂ ಎಕರೆಯ ಎಂಟನೇ ಒಂದು ಭಾಗವಷ್ಟೇ ಆಗುತ್ತದೆ. ಆದ್ದರಿಂದ ಪಾತಿಯ ಕೆಲಸವನ್ನು ಕೈಗೆ, ಕುಡುಗೋಲಿಗೆ ಬಿಟ್ಟು, ಸಾಲುಗಳ ನಡುವಿನ ಏಳು ಭಾಗವನ್ನು ಮಿಷನ್ನಿಗೆ ಒಪ್ಪಿಸಿ.

ಪಾತಿಯಿಂದ ಮಿಷನ್ ದೂರ ಇರಲಿ ಎಂದು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಾವು, ಹಲಸಿನ ಕಾಂಡಕ್ಕೆ ಪೆಟ್ಟು ಬಿದ್ದರೆ ತೊಗಟೆ ಬೆಳೆದು ಗಾಯ ಮುಚ್ಚಿಕೊಳ್ಳುತ್ತದೆ. ತೆಂಗಿನ ಕಾಂಡಕ್ಕೆ ಆ ಶಕ್ತಿ ಇಲ್ಲ. ಅದಕ್ಕಾದ ಗಾಯ ಮರದ ಆಯುಷ್ಯದುದ್ದಕ್ಕೂ ಗಾಯವೇ. ಆ ಬಿರುಕಿನಿಂದ ಶಿಲೀಂಧ್ರ ಒಳಹೊಕ್ಕು ಕಾಂಡದಿಂದ ಕೆಂಗಂದು ರಸ ಸೋರುವ ರೋಗ ಹತ್ತಬಹುದು. ಎಳೆಯ ಮರವಾದರೆ ಗಾಯದ ವಾಸನೆಗೆ ಕೆಂಪು ಮೂತಿ ಹುಳು ಬಂದು ಮೊಟ್ಟೆ ಇಡಬಹುದು. ಎರಡು ಮೂರು ವರ್ಷದ ಸಸಿಯ ಬುಡಕ್ಕಾಗಲೀ ಸಾಲಿನ ನಡುವೆ ಹಾಕಿದ ಅಡಿಕೆ, ಬಾಳೆಗಾಗಲೀ ನೈಲಾನ್ ದಾರ ಒಂದು ಸಲ ಬಡಿದರೂ ಸಾಕು, ಸಿಪ್ಪೆ ಸುಲಿದುಹೋಗುತ್ತದೆ.

ಇನ್ನು ನೆಲದ ವಿಚಾರ. ಕೊಳ್ಳುವ ಮೊದಲು ಒಂದು ಬೆಳಗ್ಗೆ ತೋಟವನ್ನು ಮೂಲೆಯಿಂದ ಮೂಲೆಗೆ ನಡೆದು ನೋಡಿ. ಗರಸು ಕಲ್ಲು ಎಷ್ಟಿದೆ? ಹನಿ ನೀರಾವರಿಯ ಪೈಪು ನೆಲದ ಮೇಲೆ ಹಾದಿದೆಯೇ, ಮಣ್ಣಿನೊಳಗೆ ಹೂತಿದೆಯೇ? ಬದು ಎಷ್ಟು ಕಡಿದಾಗಿದೆ? ಹುಲ್ಲು ಗರಿಕೆ, ಜೇಕಿನಂಥ ಮೆತ್ತನೆಯದೇ, ಇಲ್ಲವೇ ಲಂಟಾನದಂಥ ಕಡ್ಡಿ ಗಿಡವೇ? ಮಿಷನ್ನಿನ ತುದಿಗೆ ಏನು ಕಟ್ಟಬೇಕು ಎಂಬುದನ್ನು ನಿರ್ಧರಿಸುವುದು ಈ ಉತ್ತರಗಳು.

ತುದಿಗೆ ಕಟ್ಟುವ ಸಾಮಾನು ಮುಖ್ಯವಾಗಿ ಮೂರು ಬಗೆ. ಮೊದಲನೆಯದು ನೈಲಾನ್ ದಾರ. ಇದರ ಹುಟ್ಟಿನ ಕಥೆ ಸ್ವಾರಸ್ಯದ್ದು. 1971ರಲ್ಲಿ ಅಮೆರಿಕದ ಹ್ಯೂಸ್ಟನ್ ನಗರದ ಜಾರ್ಜ್ ಬಲಾಸ್ ಎಂಬವರು ಕಾರು ತೊಳೆಯುವ ಕೇಂದ್ರದಲ್ಲಿ ಗಿರಗಿರನೆ ತಿರುಗುವ ನೈಲಾನ್ ಕುಂಚಗಳನ್ನು ಕಂಡರು. ಮನೆಗೆ ಬಂದು ತಗಡಿನ ಡಬ್ಬಿಗೆ ತೂತು ಹೊಡೆದು, ಮೀನು ಹಿಡಿಯುವ ದಾರ ಪೋಣಿಸಿ ಯಂತ್ರದಿಂದ ತಿರುಗಿಸಿದರು, ಮರದ ಬುಡದ ಹುಲ್ಲು ತುಂಡಾಯಿತು. ಜಗತ್ತಿನಲ್ಲೆಲ್ಲ ಹರಡಿದ ದಾರದ ಮಿಷನ್ನಿನ ಮೂಲ ಅದು. ಮೆತ್ತನೆ ಹುಲ್ಲಿಗೆ, ಕಲ್ಲು ಇರುವ ಜಾಗಕ್ಕೆ, ಬೇಲಿಗೂಟ ಗೋಡೆಯ ಅಂಚಿಗೆ ದಾರವೇ ಸರಿ. ಕಲ್ಲಿಗೆ ಬಡಿದರೆ ದಾರ ಸವೆಯುತ್ತದೆ, ಮಿಷನ್ ಒದೆಯುವುದಿಲ್ಲ. ಸಾಧಾರಣ ತೋಟಕ್ಕೆ 2.4ರಿಂದ 3 ಮಿಲಿಮೀಟರ್ ದಪ್ಪ ಸಾಕು. ಸಣ್ಣ ಇಂಜಿನ್ನಿಗೆ ದಪ್ಪ ದಾರ ಹಾಕಿದರೆ ಅದು ಏದುಸಿರು ಬಿಡುತ್ತದೆ. ತಂತಿ ಬೇಲಿಯ ಹತ್ತಿರ ಮಾತ್ರ ಹುಷಾರು, ದಾರ ತಂತಿಗೆ ಸುತ್ತಿಕೊಳ್ಳುತ್ತದೆ.

ಎರಡನೆಯದು ಎರಡು ಅಥವಾ ಮೂರು ಹಲ್ಲಿನ ಉಕ್ಕಿನ ಬ್ಲೇಡು. ಸೊಂಟದೆತ್ತರ ಬೆಳೆದ ಒರಟು ಹುಲ್ಲಿಗೆ, ಬಲಿತ ಕಾಂಗ್ರೆಸ್ ಗಿಡಕ್ಕೆ ಇದು ಬೇಕು. ಮೂರನೆಯದು ನಲವತ್ತು, ಎಂಬತ್ತು ಹಲ್ಲಿನ ದುಂಡು ಬ್ಲೇಡು. ಹೆಬ್ಬೆರಳು ಗಾತ್ರದ ಲಂಟಾನ, ಬೇಲಿಯ ಗಿಡ ಸವರುವುದಕ್ಕೆ. ಇವೆರಡಕ್ಕೂ ಕಲ್ಲು ಆಗದು. ಒಣ ಹುಲ್ಲಿನ ಕಾಲದಲ್ಲಿ ಬ್ಲೇಡು ಕಲ್ಲಿಗೆ ತಾಗಿದರೆ ಕಿಡಿ ಹಾರುತ್ತದೆ. ಬೇಸಿಗೆಯಲ್ಲಿ ಒಂದು ಕಿಡಿಗೆ ತೋಟದ ಗತಿ ಏನಾದೀತು ಎಂದು ಹೇಳಬೇಕಿಲ್ಲ. ಹನಿ ಪೈಪಿಗಂತೂ ದಾರವೂ ಒಂದೇ, ಬ್ಲೇಡೂ ಒಂದೇ, ಎರಡೂ ಕತ್ತರಿಸುತ್ತವೆ. ಆದ್ದರಿಂದ ಪೈಪುಗಳನ್ನು ಸಾಲಿನ ಗುಂಟ ಎಳೆದು, ಇರುವ ಜಾಗಕ್ಕೆ ಗೂಟ ನೆಟ್ಟು ಗುರುತು ಮಾಡಿದ ಮೇಲೆಯೇ ಕೆಲಸ ಶುರುವಾಗಲಿ. ಬಿದ್ದ ಎಡಮಟ್ಟೆ, ಕುರುಂಬಾಳೆ, ಒಡೆದ ಚಿಪ್ಪು, ಬಾಟಲಿ ಚೂರನ್ನೂ ಮೊದಲು ಆಯ್ದು ತೆಗೆಯಿರಿ. ನಮ್ಮ ಕಡೆಯ ಬಹುಪಾಲು ತೋಟಗಳಿಗೆ ದಾರದ ತಲೆಯೊಂದು, ಮೂರು ಹಲ್ಲಿನ ಬ್ಲೇಡೊಂದು ಇದ್ದರೆ ಸಾಕು. ಎರಡನ್ನೂ ಹಾಕಲು ಬರುವ ಮಿಷನ್ ಆರಿಸಿ.

ಈಗ ಇಂಜಿನ್ನಿಗೆ ಬರೋಣ. ಇಂಜಿನ್‌ನಲ್ಲಿ ಎರಡು ಜಾತಿ: ಟೂ ಸ್ಟ್ರೋಕ್, ಫೋರ್ ಸ್ಟ್ರೋಕ್. ಟೂ ಸ್ಟ್ರೋಕಿನಲ್ಲಿ ಪಿಸ್ಟನ್ ಒಮ್ಮೆ ಹೋಗಿ ಬರುವುದರೊಳಗೆ ಒಂದು ಸಲ ಶಕ್ತಿ ಹುಟ್ಟುತ್ತದೆ. ಫೋರ್ ಸ್ಟ್ರೋಕಿನಲ್ಲಿ ಅದು ಎರಡು ಸಲ ಹೋಗಿ ಬರಬೇಕು. ಹೀಗಾಗಿ ಟೂ ಸ್ಟ್ರೋಕ್ ತೂಕಕ್ಕೆ ಹಗುರ, ಎಳೆತಕ್ಕೆ ಚುರುಕು. ಆದರೆ ಪೆಟ್ರೋಲಿಗೆ ಪ್ರತಿ ಸಲವೂ 2ಟಿ ಆಯಿಲ್ ಅಳೆದು ಬೆರೆಸಬೇಕು, ಹೊಗೆ ಹೆಚ್ಚು. ಫೋರ್ ಸ್ಟ್ರೋಕಿಗೆ ಬೆರೆಸುವ ಗೋಜಿಲ್ಲ, ಶಬ್ದವೂ ಹೊಗೆಯೂ ಕಡಿಮೆ, ಪೆಟ್ರೋಲ್ ಉಳಿತಾಯ. ಆದರೆ ಇಂಜಿನ್ನಿನೊಳಗಿನ ಆಯಿಲನ್ನು ದಿನವೂ ನೋಡಬೇಕು, ಹೊತ್ತಿಗೆ ಸರಿಯಾಗಿ ಬದಲಿಸಬೇಕು.

ಸಿಸಿಯೊಂದನ್ನೇ ನೋಡಿದರೆ ಏಕೆ ಮೋಸಹೋಗುತ್ತೇವೆ ಎಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಇದು ಯಾವ ಕಂಪನಿಯ ಶಿಫಾರಸೂ ಅಲ್ಲ. ಸ್ಟಿಲ್ ಕಂಪನಿಯ ಎಫ್‌ಎಸ್ 120 ಎಂಬ ಟೂ ಸ್ಟ್ರೋಕ್ ಮಿಷನ್ ಸುಮಾರು 31 ಸಿಸಿಯದು, ಅದರ ಶಕ್ತಿ 1.3 ಕಿಲೋವ್ಯಾಟ್. ಹೋಂಡಾದ ಜಿಎಕ್ಸ್ 35 ಎಂಬ ಫೋರ್ ಸ್ಟ್ರೋಕ್ ಇಂಜಿನ್ ಸುಮಾರು 36 ಸಿಸಿಯದು, ಶಕ್ತಿ ಒಂದು ಕಿಲೋವ್ಯಾಟ್. ಸಿಸಿ ಹೆಚ್ಚಿದ್ದರೂ ಶಕ್ತಿ ಕಡಿಮೆ. ಹಾಗೆಂದು ಎರಡನೆಯದು ಕೀಳಲ್ಲ, ಅದರ ಗುಣ ಬೇರೆ. ಆದ್ದರಿಂದ ಡಬ್ಬದ ಮೇಲೆ ದಪ್ಪಕ್ಷರದಲ್ಲಿ 52 ಸಿಸಿ ಎಂದು ಬರೆದದ್ದಕ್ಕೆ ಮರುಳಾಗದೆ, ಕಿಲೋವ್ಯಾಟ್ ಅಥವಾ ಎಚ್‌ಪಿ ಎಷ್ಟು, ತೂಕ ಎಷ್ಟು ಎಂದು ಕೇಳಿ. ಅರ್ಧ ಎಕರೆಯೊಳಗಿನ ಮನೆ ಹಿತ್ತಲಿಗೆ 25 ಸಿಸಿಯ ಫೋರ್ ಸ್ಟ್ರೋಕ್ ಧಾರಾಳ. ಎರಡು ಮೂರು ಎಕರೆ ತೆಂಗಿಗೆ 31ರಿಂದ 36 ಸಿಸಿ. ಬೇಲಿ ತುಂಬ ಲಂಟಾನ ಇದ್ದು ದಿನಗಟ್ಟಲೆ ಹೊಡೆಯಬೇಕಾದವರಿಗೆ 40 ಸಿಸಿಯ ಆಚೀಚೆ. ಅದಕ್ಕಿಂತ ದೊಡ್ಡದು ತೋಟಕ್ಕಿಂತ ಹೆಗಲಿಗೆ ಹೆಚ್ಚು ಭಾರ.

ಹೊರುವ ರೀತಿಯಲ್ಲೂ ಎರಡಿದೆ. ಪಕ್ಕಕ್ಕೆ ತೂಗುವ ಮಿಷನ್ನಿನಲ್ಲಿ ಇಂಜಿನ್ನೂ ಬ್ಲೇಡೂ ನೇರ ಕೊಳವೆಯ ಎರಡು ತುದಿಗೆ ಇರುತ್ತವೆ. ಸಮತಟ್ಟು ತೋಟದಲ್ಲಿ ಬಲದಿಂದ ಎಡಕ್ಕೆ ಬೀಸುತ್ತ ಸಾಗುವುದಕ್ಕೆ ಇದು ಒಳ್ಳೆಯದು. ಬೆನ್ನಿಗೆ ಹೊರುವ ಮಿಷನ್ನಿನಲ್ಲಿ ಇಂಜಿನ್ ಬೆನ್ನ ಮೇಲಿದ್ದು, ಬಳುಕುವ ಕೊಳವೆ ಮುಂದಕ್ಕೆ ಬರುತ್ತದೆ. ಮಾಲೇಕಲ್ಲು ತಿರುಪತಿ ಬೆಟ್ಟದ ಸುತ್ತಿನಂಥ ಇಳಿಜಾರು ಜಮೀನಿಗೆ, ಎತ್ತರದ ಬದುಗಳಿಗೆ ಇದು ಅನುಕೂಲ. ಆದರೆ ಬಿದ್ದಾಗ ತಕ್ಷಣ ಕಳಚಿಕೊಳ್ಳುವುದು ಕಷ್ಟ, ಇಂಜಿನ್ನಿನ ಬಿಸಿ ಬೆನ್ನಿಗೆ ಹತ್ತಿರ. ಸಮನೆಲದ ತೆಂಗಿಗೆ ಎರಡೂ ಹೆಗಲಿಗೆ ಭಾರ ಹಂಚುವ ಪಟ್ಟಿ ಇರುವ ಪಕ್ಕದ ಮಿಷನ್ನೇ ಸಾಕು.

ಪೆಟ್ರೋಲಿನ ಬಗ್ಗೆ ಈಗ ವಿಶೇಷ ಎಚ್ಚರ ಬೇಕು. 2023ರ ಫೆಬ್ರವರಿಯಲ್ಲಿ ನಮ್ಮ ಬೆಂಗಳೂರಿನಲ್ಲೇ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ ಚಾಲನೆ ಸಿಕ್ಕಿತು. ಈಗ ಬಂಕುಗಳಲ್ಲಿ ಸಿಗುವುದು ಹೆಚ್ಚಾಗಿ ಅದೇ. ಎಥನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಕ್ಯಾನಿನಲ್ಲಿ ತಿಂಗಳುಗಟ್ಟಲೆ ಇಟ್ಟರೆ ನೀರು ಬೆರೆತ ಎಥನಾಲ್ ತಳಕ್ಕೆ ಇಳಿದು ಬೇರೆಯಾಗಬಹುದು. ಟ್ಯಾಂಕಿನ ತಳದಿಂದಲೇ ಇಂಜಿನ್ ಹೀರುವುದರಿಂದ ಟೂ ಸ್ಟ್ರೋಕಿಗೆ ಆಗ ಆಯಿಲ್ ಇಲ್ಲದ ದ್ರವ ಹೋಗುತ್ತದೆ, ಪಿಸ್ಟನ್ ಕಚ್ಚಿಕೊಳ್ಳುತ್ತದೆ. ಹಳೆಯ ಮಾದರಿಗಳ ರಬ್ಬರ್ ಕೊಳವೆ, ಕಾರ್ಬೊರೇಟರಿನ ಪೊರೆ ಕೂಡ ಕೆಡುತ್ತವೆ. ಉಪಾಯ ಸರಳ: ಎರಡು ವಾರಕ್ಕೆ ಬೇಕಾದಷ್ಟನ್ನು ಮಾತ್ರ ತನ್ನಿ. ಕೆಲಸದ ಕಾಲ ಮುಗಿದಾಗ ಟ್ಯಾಂಕ್ ಬರಿದು ಮಾಡಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ ಇಡಿ. ಕೊಳ್ಳುವಾಗ ಈ ಪೆಟ್ರೋಲಿಗೆ ಮಿಷನ್ ಹೊಂದುತ್ತದೆಯೇ ಎಂದು ಕೈಪಿಡಿಯಲ್ಲಿ ನೋಡಿಸಿ. 2ಟಿ ಆಯಿಲಿನ ಅಳತೆಯೂ ಕೈಪಿಡಿಯಲ್ಲಿರುತ್ತದೆ. ಐವತ್ತಕ್ಕೆ ಒಂದು ಎಂದರೆ ಲೀಟರಿಗೆ 20 ಮಿಲಿಲೀಟರ್, ಇಪ್ಪತ್ತೈದಕ್ಕೆ ಒಂದು ಎಂದರೆ 40. ಕಣ್ಣಂದಾಜಿನಲ್ಲಿ ಸುರಿಯಬೇಡಿ. ಅಳತೆಯ ಲೋಟ ಇಟ್ಟುಕೊಳ್ಳಿ.

ಅಂಗಡಿಗೆ ಹೋದಾಗ ಏನು ನೋಡಬೇಕು? ತಣ್ಣಗಿರುವ ಇಂಜಿನ್ನನ್ನು ನೀವೇ ಹಗ್ಗ ಎಳೆದು ಚಾಲೂ ಮಾಡಿ. ಹೆಗಲಿಗೆ ಹಾಕಿಕೊಂಡು ಹತ್ತು ನಿಮಿಷ ನಿಲ್ಲಿ. ಕೈ ಬಿಟ್ಟರೆ ಬ್ಲೇಡು ನೆಲಕ್ಕೆ ಸಮವಾಗಿ ತೂಗಬೇಕು. ಬ್ಲೇಡಿನ ಹಿಂದಿನ ಕಾವಲು ತಗಡು ಗಟ್ಟಿಯಾಗಿದೆಯೇ ನೋಡಿ. ಎಕ್ಸಲರೇಟರ್ ಬಿಟ್ಟಾಗ ಬ್ಲೇಡು ನಿಲ್ಲಬೇಕು. ಪ್ಲಗ್, ಏರ್ ಫಿಲ್ಟರ್, ಕ್ಲಚ್, ಸ್ಟಾರ್ಟರ್ ಹಗ್ಗ ಅರಸೀಕೆರೆಯಲ್ಲೋ ತಿಪಟೂರು, ಹಾಸನದಲ್ಲೋ ಸಿಗುತ್ತವೆಯೇ, ರಿಪೇರಿ ಮಾಡುವವರು ಇದ್ದಾರೆಯೇ ಎಂದು ವಿಚಾರಿಸಿ. ಆರೇಳು ಸಾವಿರಕ್ಕೂ ಮಿಷನ್ ಸಿಗುತ್ತದೆ, ಮೂವತ್ತು ಸಾವಿರ ದಾಟಿದ್ದೂ ಇದೆ. ಅಗ್ಗದ ಮಿಷನ್ನಿಗೆ ಬಿಡಿಭಾಗ ಸಿಗದೆ ಹೋದರೆ ಅದು ಸರಿಯಾಗಿ ಮಳೆಗಾಲದ ನಡುವೆ ಕೊಟ್ಟಿಗೆಯ ಮೂಲೆ ಸೇರುತ್ತದೆ.

ಕೊಳ್ಳುವ ಮುಂಚೆ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಬನ್ನಿ. ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ ಐವತ್ತು, ಪರಿಶಿಷ್ಟ ಜಾತಿ ಪಂಗಡದವರಿಗೆ ನೂರಕ್ಕೆ ತೊಂಬತ್ತರವರೆಗೆ ಸಹಾಯಧನ ಕೊಡುತ್ತ ಬಂದಿದ್ದಾರೆ. ಆಯಾ ವರ್ಷದ ಮಿತಿ ಏನು, ಯಾವ ಮಾದರಿಗಳು ಪಟ್ಟಿಯಲ್ಲಿವೆ ಎಂಬುದು ಅಲ್ಲಿ ತಿಳಿಯುತ್ತದೆ. ಮೊದಲು ಕೊಂಡು ಆಮೇಲೆ ಅರ್ಜಿ ಹಾಕುವ ದಾರಿ ಹಿಡಿಯಬೇಡಿ. ಒಂದು ಎಕರೆಯೊಳಗಿನವರಾದರೆ ಕೊಳ್ಳಲೇಬೇಕೆಂದಿಲ್ಲ. 2014–15ರಲ್ಲಿ ಶುರುವಾದ ಕೃಷಿ ಯಂತ್ರಧಾರೆ ಕೇಂದ್ರಗಳಲ್ಲಿ ಬಾಡಿಗೆಗೆ ಇದೆಯೇ ಎಂದು ಕೇಳಬಹುದು. ನಾಲ್ಕು ಮನೆಯವರು ಸೇರಿ ಒಳ್ಳೆಯ ಮಿಷನ್ ಒಂದನ್ನು ತರುವುದೂ ಒಳ್ಳೆಯ ಲೆಕ್ಕ.

ಕೊನೆಗೆ, ಮಿಷನ್ ಹಿಡಿಯುವ ಮನುಷ್ಯನ ಮಾತು. ನಿಮಿಷಕ್ಕೆ ಐದು ಸಾವಿರ ಸುತ್ತು ತಿರುಗುವ, ನಡುವಿನಿಂದ ಎಂಟು ಇಂಚು ಚಾಚಿದ ದಾರದ ತುದಿಯ ವೇಗ ಲೆಕ್ಕ ಹಾಕಿ ನೋಡಿ, ಗಂಟೆಗೆ ಸುಮಾರು 380 ಕಿಲೋಮೀಟರ್ ಆಗುತ್ತದೆ. ಆ ವೇಗಕ್ಕೆ ಸಿಕ್ಕಿದ ಗರಸು ಕಲ್ಲು ಕಣ್ಣಿಗೆ ಬಿದ್ದರೆ ಕಣ್ಣು ಉಳಿಯುವುದಿಲ್ಲ. ಸುತ್ತ ಹದಿನೈದು ಮೀಟರ್ ದೂರದೊಳಗೆ ಮಕ್ಕಳಾಗಲೀ ದನವಾಗಲೀ ಇರಬಾರದು. ಬ್ಲೇಡಿನ ಮುಂದಿನ ಬಲಭಾಗ ಬೊಡ್ಡೆಗೋ ಕಲ್ಲಿಗೋ ತಾಗಿದರೆ ಮಿಷನ್ ಇದ್ದಕ್ಕಿದ್ದಂತೆ ಒದೆಯುತ್ತದೆ, ಅದಕ್ಕೆ ಬ್ಲೇಡಿನ ಎಡಭಾಗದಿಂದ ಕೊಚ್ಚಬೇಕು. ಕಿವಿಯ ಹತ್ತಿರದ ಶಬ್ದ ನೂರು ಡೆಸಿಬಲ್ ಆಸುಪಾಸು. 85 ದಾಟಿದ ಶಬ್ದದಲ್ಲಿ ದಿನವಿಡೀ ದುಡಿದರೆ ಕಿವಿ ಮೆಲ್ಲಗೆ ಮಂದವಾಗುತ್ತದೆ. ನಡುಗುವ ಹಿಡಿಯನ್ನು ಬಿಡುವಿಲ್ಲದೆ ಹಿಡಿದವರ ಬೆರಳು ಜೋಮು ಹಿಡಿಯುತ್ತದೆ, ವರ್ಷಗಳು ಕಳೆದರೆ ಆ ಜೋಮು ಬಿಡುವುದೇ ಇಲ್ಲ. ಅರ್ಧ ಗಂಟೆಗೊಮ್ಮೆ ನಿಲ್ಲಿಸಿ ಸುಧಾರಿಸಿಕೊಳ್ಳಬೇಕು.

ನಮ್ಮ ತೋಟಗಳಲ್ಲಿ ಈ ಕೆಲಸ ಮಾಡುವವರು ಹೆಚ್ಚಾಗಿ ಕೂಲಿಗೆ ಬರುವ ಹುಡುಗರು. ಬರಿಗಾಲು ಇಲ್ಲವೇ ಹವಾಯಿ ಚಪ್ಪಲಿ, ಮುಖಕ್ಕೆ ಸುತ್ತಿದ ಟವೆಲ್, ಇಷ್ಟರಲ್ಲೇ ಅವರು ದಿನವಿಡೀ ಬೀಸುತ್ತಾರೆ. ಮುಖಕ್ಕೆ ಜಾಲರಿ ಕವಚ, ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ, ಕಾಲಿಗೆ ಗಮ್ ಬೂಟು, ಕೈಗೆ ಗವಸು: ಇವನ್ನು ಮಿಷನ್ನಿನ ಬೆಲೆಯೊಳಗೇ ಸೇರಿಸಿ ಲೆಕ್ಕ ಹಾಕಿ. ಅಷ್ಟು ದುಡ್ಡು ಸಾಲದೆ ಬಂದರೆ ಐದು ಸಿಸಿ ಕಡಿಮೆಯ ಮಿಷನ್ ಕೊಳ್ಳಿ, ಕವಚವನ್ನು ಬಿಡಬೇಡಿ. ಕೂಲಿಗೆ ಬರುವವರು ತಮ್ಮದೇ ಮಿಷನ್ ತಂದರೂ ಬೂಟು, ಕನ್ನಡಕ ನಿಮ್ಮ ಮನೆಯಲ್ಲಿ ಇರಲಿ, ಹಾಕಿಕೊಂಡ ಮೇಲೆಯೇ ಕೆಲಸ ಶುರುವಾಗಲಿ. ತೋಟದ ಯಜಮಾನರು ಮೊದಲು ಪಾಲಿಸಬೇಕಾದ ನಿಯಮ ಇದು.